ಪ್ರಾಜೆಕ್ಟ್ ದುಡ್ಡು ಕೊಟ್ಟು ತಂದಿದ್ದಾರೆ ಅಂತ ಗೊತ್ತಾದರೆ ಗೈಡ್ ಏನು ಮಾಡಬೇಕು?

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಈ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್ ಕೋಆರ್ಡಿನೇಟರ್ ಕೆಲಸ ನನ್ನ ತಲೆಗೆ ಬಂದಿದೆ. ನಾಲ್ಕು ನಾಲ್ಕು ಜನರ ಬ್ಯಾಚ್‌ಗಳು. ಪ್ರತಿ ವರ್ಷವೂ ಅದೇ ಅಡಿಕೆ ಸುಲಿಯುವ ಮಷಿನ್, ಅದೇ ಡ್ರೈಯರ್. ಒಂದು ಬ್ಯಾಚು ಸುಲಿಯುವ ಮಷಿನ್ನನ್ನು ಯಾವುದೋ ಪ್ರಾಜೆಕ್ಟ್ ಸೆಂಟರ್‌ನಿಂದ ದುಡ್ಡು ಕೊಟ್ಟು ತಂದಿದೆ ಅಂತ ನನಗೆ ಬಹುತೇಕ ಖಾತ್ರಿ. ಇನ್ನೊಂದರಲ್ಲಿ ಒಬ್ಬನೇ ಎಲ್ಲ ಕೆಲಸ ಮಾಡುತ್ತಿದ್ದಾನೆ. ಉಳಿದ ಮೂವರಿಗೂ ಅಷ್ಟೇ ಮಾರ್ಕ್ಸ್ ಕೊಡಬೇಕಾ? ಮತ್ತೊಂದು ಬ್ಯಾಚು ತೀರ್ಥಹಳ್ಳಿ ಕಡೆಯ ಒಬ್ಬರು ಬೆಳೆಗಾರರಿಗೆ ಕರೆಂಟಿನ ಅಡಿಕೆ ಡ್ರೈಯರ್ ಮಾಡಿಕೊಡುತ್ತೇವೆ ಅಂತ ಮಾತು ಕೊಟ್ಟಿದೆ. ಅದು ಕೆಲಸ ಮಾಡುವ ಲಕ್ಷಣ ಕಾಣುತ್ತಿಲ್ಲ. ಕೆಲಸ ಮಾಡದಿದ್ದರೆ ಫೇಲ್ ಮಾಡಬೇಕಾ? ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದು ‘ಇದರಲ್ಲಿ ಹೊಸದೇನಿದೆ’ ಅಂತ ಕೇಳಿದರೆ ಏನು ಹೇಳಲಿ? ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಇನ್ನು ಹತ್ತು ವಾರ ಇದೆ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಮೂರು ಬ್ಯಾಚಿನ ಮೂರು ತಕರಾರು ಇವೆ. ಮೂರಕ್ಕೂ ಬೇರು ಒಂದೇ ಕಡೆ ಇದೆ ಅನ್ನಿಸುತ್ತೆ. ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟನ್ನು ಸರಿಯಾಗಿ ನೋಡುವುದೇ ಕೊನೆಯಲ್ಲಿ. ಶುರುವಿನಲ್ಲಿ ಕೊಡುವ ಸಾರಾಂಶಕ್ಕೆ, ಅಂದರೆ ಸಿನಾಪ್ಸಿಸ್‌ಗೆ, ಸಹಿ ಹಾಕುತ್ತೇವೆ, ನಡುವೆ ಒಂದೆರಡು ಪಿಪಿಟಿ ನೋಡುತ್ತೇವೆ, ಆಮೇಲೆ ಪೇಂಟ್ ಹೊಡೆದ ಮಾಡೆಲ್ಲೇ ಟೇಬಲ್ ಮೇಲೆ ಬಂದು ಕೂರುತ್ತೆ. ಮಾಡೆಲ್ ದುಡ್ಡಿಗೆ ಸಿಗುತ್ತೆ. ಒಬ್ಬನೇ ಕೂತು ಮಾಡಿಬಿಡಬಹುದು. ವೈವಾ ದಿನವೇ ಕೆಟ್ಟು ನಿಲ್ಲಲೂಬಹುದು. ಅದನ್ನು ನೋಡಿ ಹುಡುಗರು ಏನು ಕಲಿತರು ಅಂತ ಹೇಳಲಾಗದು. ಗೈಡ್ ನೋಡಬೇಕಾದದ್ದು ಅವರು ವಾರವಾರ ತೆಗೆದುಕೊಂಡ ತೀರ್ಮಾನಗಳನ್ನು. ಯಾಕೆ ಇಷ್ಟೇ ಎಚ್‌ಪಿ ಮೋಟಾರ್? ಚೈನ್ ಬಿಟ್ಟು ಬೆಲ್ಟ್ ಯಾಕೆ? ಈ ಎತ್ತರ ಯಾರನ್ನು ಕೇಳಿ ಇಟ್ಟಿರಿ? ಇದಕ್ಕೆಲ್ಲ ಉತ್ತರ ಯಾವ ಸೆಂಟರಿನಲ್ಲೂ ಮಾರಾಟಕ್ಕೆ ಇರುವುದಿಲ್ಲ.

ಮೊದಲು ಹೊಸತನದ ಭಯ ಬಿಡಿ. ಯಾರೂ ಮಾಡದ್ದನ್ನೇ ಮಾಡಬೇಕು ಅನ್ನುವುದು ಪಿಎಚ್‌ಡಿಯ ಶರತ್ತು. ಅದು ಹೇಗೋ ಬಿಇ ಪ್ರಾಜೆಕ್ಟಿಗೂ ಇಳಿದುಬಂದಿದೆ. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್‌ನ ಕಾಯಂ ಸದಸ್ಯ ಆಯಿತು. ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ನಮ್ಮಿಂದ ಕೇಳುವ ಪಿಒಗಳು (ಪದವಿ ಮುಗಿಸಿದವರಿಗೆ ಬರಬೇಕಾದ ಸಾಮರ್ಥ್ಯಗಳ ಪಟ್ಟಿ) ಆ ಒಪ್ಪಂದಕ್ಕೆ ಹೊಂದಿಕೊಂಡೇ ಇರುವಂಥವು. ನಿಮ್ಮ ಫೈಲಿನಲ್ಲಿ ಇರುವ ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. ಸುರಕ್ಷತೆ, ಸಮಾಜ, ಪರಿಸರ ನೋಡಿಕೊಂಡು ಡಿಸೈನ್ ಮಾಡಬೇಕು ಅಂತಿದೆ. ತಂಡದಲ್ಲಿ ಕೆಲಸ ಮಾಡಬೇಕು, ವಿವರಿಸಿ ಹೇಳಲು ಬರಬೇಕು, ಖರ್ಚಿನ ಲೆಕ್ಕ ಗೊತ್ತಿರಬೇಕು ಅಂತಿದೆ. ಪೇಟೆಂಟ್ ತನ್ನಿ ಅಂತ ಎಲ್ಲೂ ಇಲ್ಲ. ಹಾಗಾಗಿ ಅಡಿಕೆ ಸುಲಿಯುವ ಮಷಿನ್ ನೂರನೇ ಸಲ ಬಂದರೂ ನನಗೆ ತಕರಾರಿಲ್ಲ. ಯಾರಿಗಾಗಿ ಮಾಡಿದ್ದು ಅಂತ ಹುಡುಗರಿಗೆ ಗೊತ್ತಿದ್ದರೆ ಸಾಕು.

ಅದೇ ಗೊತ್ತಿರುವುದಿಲ್ಲ ನೋಡಿ. ಎಕ್ಸ್‌ಟರ್ನಲ್ ಆಗಿ ಹೋದ ಕಡೆ ಒಮ್ಮೆ ಒಂದು ಮಷಿನ್ ನೋಡಿದೆ. ಚೆನ್ನಾಗಿ ಓಡುತ್ತಿತ್ತು. ಹಾಪರಿಗೆ ಒಣ ಗೋಟು (ಸಿಪ್ಪೆ ಸಮೇತ ಒಣಗಿದ ಅಡಿಕೆ) ಸುರಿದರು, ಟಕಟಕ ಅಂತ ಸುಲಿದು ಕೊಟ್ಟಿತು. ರಿಪೋರ್ಟಿನ ಮೊದಲ ಪುಟದಲ್ಲಿ ಮಾತ್ರ ‘ತೀರ್ಥಹಳ್ಳಿ ತಾಲ್ಲೂಕಿನ ರೈತರ ಸಮಸ್ಯೆ’ ಅಂತ ಇತ್ತು. ತೀರ್ಥಹಳ್ಳಿ ಕಡೆ ಹೆಚ್ಚಾಗಿ ಮಾಡುವುದು ಕೆಂಪಡಿಕೆ. ಹಸಿ ಕಾಯಿ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ ಒಣಗಿಸುತ್ತಾರೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿಯುವ ಚಾಲಿ ಶಿರಸಿ, ಕರಾವಳಿ ಕಡೆ ಜಾಸ್ತಿ. ಒಣಗಿದ ಸಿಪ್ಪೆ ಒಳಗಿನ ಅಡಿಕೆಯಿಂದ ಬಿಟ್ಟುಕೊಂಡಿರುತ್ತೆ, ಒತ್ತಿದರೆ ಸೀಳುತ್ತೆ. ಹಸಿ ಸಿಪ್ಪೆ ಅಂಟಿಕೊಂಡಿರುತ್ತೆ, ಒದ್ದೆ ನಾರು ರೋಲರಿಗೆ ಸುತ್ತಿಕೊಳ್ಳುತ್ತೆ, ಅದರ ರಸ ಬ್ಲೇಡಿಗೆ ಮೆತ್ತುತ್ತೆ. ಎರಡೂ ಬೇರೆ ಬೇರೆ ಡಿಸೈನ್ ಸಮಸ್ಯೆ. ‘ಯಾರ ತೋಟಕ್ಕೆ ಹೋಗಿದ್ರಿ?’ ಅಂತ ಕೇಳಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಲಿತ ನಡೆಯುವ ಮನೆಯಲ್ಲಿ ಒಂದು ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿದ್ದರೆ ಈ ಗೊಂದಲ ಮೊದಲ ತಿಂಗಳಲ್ಲೇ ತೀರುತ್ತಿತ್ತು. ನಿಮ್ಮ ಎಕ್ಸ್‌ಟರ್ನಲ್ ಹೊಸತನ ಕೇಳಿದರೆ ಇಂಥ ವಿವರವೇ ಉತ್ತರ: ‘ಹಸಿ ಕಾಯಿಗೆ, ಇಷ್ಟು ಗಾತ್ರಕ್ಕೆ, ಇಬ್ಬರು ಹೆಂಗಸರು ನಡೆಸುವ ಹಾಗೆ ಮಾಡಿದ್ದೇವೆ ಸಾರ್.’

ಇನ್ನು ಡ್ರೈಯರ್ ಬ್ಯಾಚು. ಕೆಲಸ ಮಾಡದ ಪ್ರಾಜೆಕ್ಟ್ ಫೇಲ್ ಅಂತ ಲೆಕ್ಕ ಅಲ್ಲ. ಯಾಕೆ ಕೆಲಸ ಮಾಡಲಿಲ್ಲ ಅಂತ ಅಂಕಿ ಸಮೇತ ಹೇಳಬಲ್ಲ ಬ್ಯಾಚಿಗೆ ನಾನು ಧಾರಾಳವಾಗಿ ಮಾರ್ಕ್ಸ್ ಕೊಟ್ಟಿದ್ದೇನೆ. ‘ಲಾಸ್ಟ್ ಮಿನಿಟಲ್ಲಿ ವೆಲ್ಡಿಂಗ್ ಬಿಟ್ಟಿತು ಸಾರ್’ ಅನ್ನುವುದು ಆ ಜಾತಿಯ ಉತ್ತರ ಅಲ್ಲ, ಅದು ಬೇರೆ. ಆದರೆ ನಿಮ್ಮ ಹುಡುಗರ ಡ್ರೈಯರ್ ಯಾಕೆ ನಡೆಯಲ್ಲ ಅನ್ನುವುದು ಬಹುಶಃ ಒಂದು ಹಾಳೆಯ ಲೆಕ್ಕದಲ್ಲೇ ಇದೆ. ಅವರನ್ನು ಕೂರಿಸಿಕೊಂಡು ಮಾಡಿಸಿ.

ಬೇಯಿಸಿ ಬಸಿದ ಅಡಿಕೆ 100 ಕೆಜಿ ಅಂದುಕೊಳ್ಳಿ. ಅದರಲ್ಲಿ 60 ಕೆಜಿ ನೀರು ಅಂತ ಸದ್ಯಕ್ಕೆ ಹಿಡಿಯಿರಿ. ನಿಜವಾದ ಅಂಕಿ ಬೇಕಾದರೆ ಒಂದು ಹಿಡಿ ಅಡಿಕೆ ತೂಗಿ, ಲ್ಯಾಬಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು ಮತ್ತೆ ತೂಗಲಿ. ಒಣಗಿದ ಮೇಲೆ ಶೇಕಡಾ 10 ತೇವ ಉಳಿಯಬಹುದು ಅಂದರೆ ಕೊನೆಯ ತೂಕ ಸುಮಾರು 44 ಕೆಜಿ. ಹೋಗಬೇಕಾದ ನೀರು 56 ಕೆಜಿ. ಒಂದು ಕೆಜಿ ನೀರು ಆವಿಯಾಗಲು ಹತ್ತಿರ ಹತ್ತಿರ 2.4 ಮೆಗಾಜೌಲ್ ಬೇಕು. ಒಟ್ಟು 134 ಮೆಗಾಜೌಲ್, ಅಂದರೆ 37 ಯೂನಿಟ್ ಕರೆಂಟ್. ಇದು ಬಿಸಿ ಒಂದಿಷ್ಟೂ ಪೋಲಾಗದಿದ್ದರೆ. ಅರ್ಧ ಬಿಸಿ ಹೊರಗೆ ಹೋಗುತ್ತೆ ಅಂತಿಟ್ಟುಕೊಂಡರೆ 75 ಯೂನಿಟ್. ಸಿನಾಪ್ಸಿಸ್‌ನಲ್ಲಿ 2 ಕಿಲೋವ್ಯಾಟ್ ಕಾಯಿಲ್ ಅಂತ ಬರೆದಿದ್ದರೆ ಅದು ಒಂದೂವರೆ ದಿನ ಬಿಡದೆ ಉರಿಯಬೇಕು. ಮಳೆ ಹಿಡಿದ ಊರಿನಲ್ಲಿ, ಹೋಗಿ ಬಂದು ಮಾಡುವ ಸಿಂಗಲ್ ಫೇಸ್ ಲೈನಿನಲ್ಲಿ.

ಇದೇ ಲೆಕ್ಕವನ್ನು ಕಟ್ಟಿಗೆಗೆ ಮಾಡಿ. ಒಣ ಕಟ್ಟಿಗೆ ಕೆಜಿಗೆ ಸುಮಾರು 15 ಮೆಗಾಜೌಲ್ ಕೊಡುತ್ತೆ. ಅದರಲ್ಲಿ ಶೇಕಡಾ 30 ಉಪಯೋಗಕ್ಕೆ ಬಂದರೂ 30 ಕೆಜಿ ಕಟ್ಟಿಗೆಯಲ್ಲಿ ಕೆಲಸ ಮುಗಿಯುತ್ತೆ. ಬಿಸಿಲಿಗೆ ಮಾಡಿ. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ 5 ಯೂನಿಟ್ ಹತ್ತಿರ ಬೀಳುತ್ತೆ. ಶೇಕಡಾ 40 ಹಿಡಿದರೆ 10 ಚದರ ಮೀಟರ್ ಪಾಲಿಹೌಸಿನಲ್ಲಿ ದಿನಕ್ಕೆ 20 ಯೂನಿಟ್, ಎರಡು ದಿನದ ಕೆಲಸ. (ಕಾಯಿಯ ಒಳಗಿನ ನೀರು ಹೊರಗೆ ಬರಲು ಅದರದ್ದೇ ಸಮಯ ಬೇಕು, ಬಿಸಿ ಎಷ್ಟು ಕೊಟ್ಟರೂ ಅವಸರ ಮಾಡಲಾಗದು. ಹಾಗಾಗಿ ಇವೆಲ್ಲ ಕನಿಷ್ಠ ಲೆಕ್ಕ.) ಆದರೆ ಬೆಳೆಗಾರರಿಗೆ ಡ್ರೈಯರ್ ಬೇಕಾಗುವುದೇ ಬಿಸಿಲಿಲ್ಲದ ದಿನ. ಅಂಗಳದಲ್ಲಿ ಹರವಿದ ಅಡಿಕೆಗೆ ಮಳೆ ಬಂದು, ನಾಲ್ಕು ದಿನ ಒಳಗೆ ರಾಶಿ ಬಿದ್ದು ಬೂಷ್ಟು ಹಿಡಿದಾಗ. ಇಷ್ಟು ಬರೆದು ಮುಗಿಸುವ ಹೊತ್ತಿಗೆ ಹುಡುಗರೇ ಹೇಳುತ್ತಾರೆ, ಕರೆಂಟಿನ ಕಾಯಿಲ್ ಬೇಡ, ಬಿಸಿಲಿನ ಜೊತೆ ಕಟ್ಟಿಗೆ ಒಲೆ ಸೇರಿಸೋಣ ಅಂತ. ಈ ಹಾಳೆ ಮೂರನೇ ವಾರದಲ್ಲಿ ಆಗಬೇಕಿತ್ತು. ಪರವಾಗಿಲ್ಲ, ಈಗ ಆಗಲಿ.

ಹತ್ತು ವಾರದಲ್ಲಿ ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. ಕೊಟ್ಟ ಮಾತಿನಂತೆ ಪೂರ್ತಿ ಡ್ರೈಯರ್ ಕಟ್ಟಿಸಬಹುದು. ಅದರ ಅಪಾಯ ದೊಡ್ಡದು: ಬೆಂಕಿ, ಮತ್ತೆ ಬಣ್ಣ ಕೆಟ್ಟ ಅಡಿಕೆ. ಬಣ್ಣ ಕೆಟ್ಟರೆ ಮಂಡಿಯಲ್ಲಿ ರೇಟು ಬೀಳುತ್ತೆ. ಒಂದು ಒಬ್ಬೆ (ಒಂದು ಸಲ ಬೇಯಿಸುವಷ್ಟು) ಅಡಿಕೆ ಹಾಳಾದರೆ ಆ ನಷ್ಟ ಯಾರದ್ದು ಅಂತ ಯಾರೂ ಮಾತಾಡಿರುವುದಿಲ್ಲ. ವಿಷಯವನ್ನೇ ಬದಲಿಸುವುದು ಇನ್ನೊಂದು ದಾರಿ. ಈಗ ಬದಲಿಸಿದರೆ ಅವರೂ ಪ್ರಾಜೆಕ್ಟ್ ಸೆಂಟರಿನ ಬಾಗಿಲಿಗೆ ಹೋಗುತ್ತಾರೆ. ನನ್ನ ಸಲಹೆ ಮೂರನೆಯದು. ಐದು ಕೆಜಿ ಹಿಡಿಯುವ ಒಂದು ಟ್ರೇ ಕಟ್ಟಲಿ. ಗಾಳಿಯ ಬಿಸಿ, ವೇಗ ಬದಲಿಸಿ, ಗಂಟೆಗೊಮ್ಮೆ ತೂಗಿ ಗ್ರಾಫ್ ಎಳೆಯಲಿ. ಅದರಿಂದ ಪೂರ್ತಿ ಡ್ರೈಯರಿನ ಡ್ರಾಯಿಂಗ್, ಖರ್ಚಿನ ಪಟ್ಟಿ ಮಾಡಲಿ. ಇದಕ್ಕೂ ಒಂದು ತೊಡಕಿದೆ. ಹಸಿ ಅಡಿಕೆ ಬೇಕಾದಾಗ ಸಿಗುವುದಿಲ್ಲ. ಕೊಯ್ಲು ಹೆಚ್ಚು ಕಡಿಮೆ ದಸರಾ ಆಸುಪಾಸಿನಿಂದ ಸಂಕ್ರಾಂತಿ ತನಕ. ಅದರಲ್ಲೂ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಬಂದ ದಿನವೇ ಕೊಯ್ಲು. ನಿಮ್ಮ ಟೆಸ್ಟಿಂಗ್ ವಾರ ಅದಕ್ಕೆ ಹೊಂದುತ್ತಾ ನೋಡಿಕೊಳ್ಳಿ. ಮುಂದಿನ ವರ್ಷದಿಂದ ಅಡಿಕೆಯ ವಿಷಯ ತೆಗೆದುಕೊಳ್ಳುವ ಬ್ಯಾಚು ಮೊದಲು ಈ ಕ್ಯಾಲೆಂಡರ್ ತರಲಿ.

ಬೆಳೆಗಾರರ ಮನೆಗೆ ಹುಡುಗರ ಜೊತೆ ನೀವೇ ಹೋಗಿ. ‘ಈ ವರ್ಷ ಮಷಿನ್ ಸಿಗಲ್ಲ, ಲೆಕ್ಕ ಮತ್ತು ಡ್ರಾಯಿಂಗ್ ಸಿಗುತ್ತೆ’ ಅಂತ ನೇರವಾಗಿ ಹೇಳಿ. ಮಲೆನಾಡಿನ ಜನ ಬಾಳೆಎಲೆ ಹಾಕಿ ಊಟ ಬಡಿಸಿ ಕಳಿಸುತ್ತಾರೆ, ಬಾಯಿಬಿಟ್ಟು ಬೈಯುವುದಿಲ್ಲ. ಆದರೆ ಮಾತು ತಪ್ಪಿದ ಕಾಲೇಜಿಗೆ ಮತ್ತೆ ತೋಟದ ಬೇಲಿ ತೆರೆಯುವುದೂ ಇಲ್ಲ. ಮುಂದಿನ ಸಲ ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಅಂತ ಒಂದು ಪುಟದ ಕಾಗದ ಮೊದಲೇ ಆಗಲಿ. ಅದರಲ್ಲಿ ಒಂದು ಸಾಲು ತಪ್ಪದೆ ಇರಲಿ: ಬೆಲ್ಟಿಗೆ, ರೋಲರಿಗೆ ಗಾರ್ಡ್ ಹಾಕದ ಯಂತ್ರವನ್ನು ಯಾರ ಮನೆಯಲ್ಲೂ ಬಿಟ್ಟು ಬರುವುದಿಲ್ಲ.

ಇಂಡಸ್ಟ್ರಿ ಪ್ರಾಜೆಕ್ಟ್ ಆದರೆ ಈ ತಲೆನೋವೇ ಇಲ್ಲ ಅಂತ ನಿಮಗೆ ಯಾರಾದರೂ ಹೇಳುತ್ತಾರೆ. ಅಮೆರಿಕದ ಹಾರ್ವಿ ಮಡ್ ಕಾಲೇಜು 1963ರಿಂದ ‘ಕ್ಲಿನಿಕ್’ ಅನ್ನುವ ಹೆಸರಿನಲ್ಲಿ ಇದನ್ನು ನಡೆಸುತ್ತಿದೆ. ಅಲ್ಲಿ ಕಂಪನಿ ದುಡ್ಡೂ ಕೊಡುತ್ತೆ, ಹುಡುಗರ ಜೊತೆ ಸಂಪರ್ಕ ಇಟ್ಟುಕೊಳ್ಳಲು ತನ್ನ ಎಂಜಿನಿಯರನ್ನೂ ಕೊಡುತ್ತೆ. ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಸರ್ಟಿಫಿಕೇಟ್. ನಿಮ್ಮ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯಲ್ಲಿ ಎರಕ ಹೊಯ್ಯುವ ಫೌಂಡ್ರಿಗೆ ಹೋಗಿ ‘ಪ್ರಾಜೆಕ್ಟ್ ಕೊಡಿ ಸಾರ್’ ಅಂದರೆ ಯಾವುದೋ ರಿಜಿಸ್ಟರ್ ತುಂಬಿಸುತ್ತಾರೆ. ‘ನಿಮ್ಮ ಈ ಒಂದು ಕಾಸ್ಟಿಂಗಿನಲ್ಲಿ ಬ್ಲೋಹೋಲ್ (ಗಾಳಿ ಸಿಕ್ಕಿ ಆಗುವ ತೂತು) ಯಾಕೆ ಬರುತ್ತೆ, ಮೂರು ತಿಂಗಳ ರಿಜೆಕ್ಷನ್ ಲೆಕ್ಕ ನೋಡಬಹುದಾ’ ಅಂತ ಕೇಳಿದರೆ ಮಾತು ಬೇರೆ ರೀತಿ ಶುರುವಾಗುತ್ತೆ. ವಾರಕ್ಕೆ ಅರ್ಧ ಗಂಟೆ ಕೊಡುವ ಒಬ್ಬ ಮನುಷ್ಯ ಸಿಕ್ಕರೆ ಮಾತ್ರ ಒಪ್ಪಿಕೊಳ್ಳಿ.

ಈಗ ಒಬ್ಬನೇ ದುಡಿಯುವ ಬ್ಯಾಚು. ಮ್ಯಾಕ್ಸ್ ರಿಂಗೆಲ್ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಎಂಜಿನಿಯರ್ ಇದ್ದ. ಹಗ್ಗ ಎಳೆಸಿ ನೋಡಿ 1913ರಲ್ಲಿ ಬರೆದ. ಎಂಟು ಜನ ಸೇರಿ ಎಳೆದಾಗ ತಲಾ ಎಳೆತ, ಒಬ್ಬನೇ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಒಂದು ಕಾರಣ. ಮೈಗಳ್ಳತನ ಇನ್ನೊಂದು. 1974ರಲ್ಲಿ ಬೇರೆ ಸಂಶೋಧಕರು ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಜನ ಎಳೆಯುತ್ತಿದ್ದಾರೆ ಅಂತ ನಂಬಿಸಿ, ನಿಜಕ್ಕೂ ಒಬ್ಬನ ಕೈಲೇ ಎಳೆಸಿದರು. ಆಗಲೂ ಎಳೆತ ಇಳಿಯಿತು. ಹಾಗಾಗಿ ಎರಡೂ ಕಾರಣ ನಿಜ. ನಿಮ್ಮ ಬ್ಯಾಚಿನಲ್ಲಿ ಯಾವುದು ಎಷ್ಟಿದೆ ಅಂತ ಮೊದಲು ನೋಡಿ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ಮೈಗಳ್ಳ ಅನ್ನಿಸಿಕೊಂಡ ಹುಡುಗ ಎಷ್ಟೋ ಸಲ ಹೊಸನಗರದ ಬಸ್ಸು ಹಿಡಿಯುವವನಾಗಿರುತ್ತಾನೆ. ಬ್ಯಾಚಿನ ಹಾಸ್ಟೆಲ್ ಹುಡುಗರು ವರ್ಕ್‌ಶಾಪ್ ಕೆಲಸಕ್ಕೆ ಸೇರುವುದೇ ಸಂಜೆ ಐದರ ಮೇಲೆ. ಅವನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತಾನೆ. ಹುಡುಗಿಯರದ್ದು ಇನ್ನೊಂದು ಕಥೆ. ‘ನೀವು ರಿಪೋರ್ಟ್, ಪಿಪಿಟಿ ನೋಡ್ಕೊಳ್ಳಿ, ವೆಲ್ಡಿಂಗ್ ನಾವು ನೋಡ್ಕೋತೀವಿ’ ಅಂತ ಮೊದಲ ದಿನವೇ ಹಂಚಿಕೆ ಆಗಿಬಿಡುತ್ತೆ. ವೈವಾದಲ್ಲಿ ಶಾಫ್ಟಿನ ಪ್ರಶ್ನೆ ಬಂದಾಗ ಅವರು ತಡವರಿಸುತ್ತಾರೆ, ನಾವು ಏನೂ ಮಾಡಿಲ್ಲ ಅಂತ ಬರೆದುಕೊಳ್ಳುತ್ತೇವೆ. ಕೆಲಸ ಹಂಚುವಾಗಲೇ ಗೈಡ್ ಅಲ್ಲಿರಬೇಕು. ಪ್ರತಿಯೊಬ್ಬರ ಕೈಗೂ ಡಿಸೈನಿನ ಒಂದು ಭಾಗ ಬರಬೇಕು.

ಮಾರ್ಕ್ಸ್ ಬೇರೆ ಬೇರೆ ಕೊಡಬಹುದಾ? ಕೊಡಬಹುದು, ಕೊಡಲೇಬೇಕು. ಆದರೆ ಕ್ರಮ ಮೊದಲೇ ಹೇಳಿರಬೇಕು. ಕಾಲೇಜೇ ಕೊಡುವ ಅಂಕಗಳನ್ನು ನೋಡುವ ಇಂಟರ್ನಲ್ಸ್ ಕಮಿಟಿಯಲ್ಲಿ ಒಪ್ಪಿಗೆ ಪಡೆದು, ಯೂನಿವರ್ಸಿಟಿಯ ನಿಯಮದೊಳಗೆ ಕೂರುತ್ತಾ ಅಂತ ನೋಡಿಕೊಂಡು ನೋಟಿಸ್ ಬೋರ್ಡಿಗೆ ಹಾಕಿ. ನಾನು ಬಳಸುವುದು ಹೀಗೆ. ಪ್ರತಿಯೊಬ್ಬರೂ ಉಳಿದವರಿಗೆ 5ಕ್ಕೆ ಗುಟ್ಟಾಗಿ ಅಂಕ ಹಾಕಬೇಕು, ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಯಬೇಕು. ನಾಲ್ವರ ಸರಾಸರಿ 4.5, 4.4, 4.1, 2.6 ಬಂತು ಅಂದುಕೊಳ್ಳಿ. ತಂಡದ ಸರಾಸರಿ 3.9. ಪ್ರತಿಯೊಬ್ಬರದ್ದನ್ನು ಅದರಿಂದ ಭಾಗಿಸಿ, 1.05ಕ್ಕಿಂತ ಮೇಲೆ ಹೋಗಲು ಬಿಡಬೇಡಿ. ತಂಡಕ್ಕೆ 80 ಮಾರ್ಕ್ಸ್ ಬಂದಿದ್ದರೆ ಮೂವರಿಗೆ 84, ಕೊನೆಯವನಿಗೆ 53. ಮೇಲಿನ ಮಿತಿ ಯಾಕೆ ಬೇಕು ಅಂದರೆ, ಅದಿಲ್ಲದಿದ್ದರೆ ಒಬ್ಬನೇ ಎಲ್ಲವನ್ನೂ ಬಾಚಿಕೊಂಡು ಮಾಡುವುದಕ್ಕೂ ಬಹುಮಾನ ಕೊಟ್ಟ ಹಾಗಾಗುತ್ತೆ. ನಿಮ್ಮ ಆ ಒಬ್ಬ ಹುಡುಗ ಬೇರೆಯವರ ಕೈಗೆ ಸ್ಪ್ಯಾನರ್ ಕೊಡುವವನೋ ಅಲ್ಲವೋ, ಅದನ್ನೂ ವಿಚಾರಿಸಿ.

ಇದರಲ್ಲೂ ಮೋಸ ಇದೆ. ಮೂವರು ಗೆಳೆಯರು ಸೇರಿ ನಾಲ್ಕನೆಯವನನ್ನು ತುಳಿಯಬಹುದು. ಜಾತಿ, ಊರು, ಹಾಸ್ಟೆಲ್ ರೂಮು ಎಲ್ಲ ಆ ಅಂಕಿಯೊಳಗೆ ಬಂದು ಕೂರುತ್ತೆ. ಅದಕ್ಕೇ ಲಾಗ್‌ಬುಕ್ ಬೇಕು. ಹೊಲಿದ ಬುಕ್, ಪುಟಕ್ಕೆ ನಂಬರ್, ಪೆನ್ನಿನಲ್ಲೇ ಬರೆಯಬೇಕು, ಹರಿಯುವ ಹಾಗಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಅದನ್ನು ತೆರೆದು ಒಬ್ಬೊಬ್ಬರಿಗೂ ಮೂರು ಪ್ರಶ್ನೆ: ಈ ವಾರ ಏನು ತೀರ್ಮಾನ ಮಾಡಿದಿರಿ, ಯಾವ ಆಧಾರದ ಮೇಲೆ, ಏನು ಬಿಟ್ಟಿರಿ. ಅಂಕ 2.6 ಬಂದವನ ಲಾಗ್‌ಬುಕ್ ತುಂಬಿದ್ದರೆ ತಂಡವನ್ನು ಕರೆದು ಮಾತಾಡಿ, ಅಂಕಿಯನ್ನು ಹಾಗೇ ಒಪ್ಪಬೇಡಿ. ಗೈಡುಗಳಿಗೆ ಐದಾರು ಬ್ಯಾಚು ಕೊಟ್ಟು, ಜೊತೆಗೆ ಎನ್‌ಬಿಎ ಫೈಲನ್ನೂ ಹೊರಿಸಿದರೆ ಈ ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು ಅಂತ ನಿಮ್ಮ ಎಚ್‌ಒಡಿಯವರನ್ನು ಕೇಳಬೇಕಾದವರು ನೀವೇ.

ಕೊನೆಗೆ ಆ ಕೊಂಡು ತಂದ ಮಾಡೆಲ್. ಎಲ್ಲರೂ ಮಾಡುತ್ತಾರೆ, ತಡೆಯಲಾಗದು ಅನ್ನುವುದು ಅರ್ಧ ಸುಳ್ಳು. ಹುಡುಗರು ಕೊಳ್ಳುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಭಯಕ್ಕೆ. ಮೊದಲ ಮೂರು ತಿಂಗಳು ಯಾರೂ ಏನೂ ಕೇಳುವುದಿಲ್ಲ, ನಡುವೆ ಪ್ಲೇಸ್‌ಮೆಂಟ್ ಓಡಾಟ, ಕೊನೆಗೆ ಆರು ವಾರದಲ್ಲಿ ಓಡುವ ಮಷಿನ್ ತೋರಿಸು ಅಂತೀವಿ. ಇಂಟರ್ನಲ್ಸ್‌ನಲ್ಲಿ ಹೆಚ್ಚಿನ ಪಾಲು ಮೊದಲ ಎರಡು ರಿವ್ಯೂಗೆ, ಅಂದರೆ ಸಮಸ್ಯೆ ಬರೆಯುವುದಕ್ಕೆ ಮತ್ತು ಕಾನ್ಸೆಪ್ಟ್ ಆರಿಸುವುದಕ್ಕೆ ಇಟ್ಟು ನೋಡಿ, ಕೊಳ್ಳುವ ಲಾಭವೇ ಇಳಿಯುತ್ತೆ. ಖರ್ಚಿನ ಭಯಕ್ಕೆ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ. ಅರ್ಜಿ ಹಾಕಿಸಿ. ದುಡ್ಡು ಬರದಿದ್ದರೂ ಬಜೆಟ್ ಬರೆದ ಹಾಗಾಗುತ್ತೆ.

ಈ ಬ್ಯಾಚಿಗೆ ಏನು ಮಾಡುವುದು? ಕಂಡೂ ಕಾಣದ ಹಾಗೆ ಇರಬಹುದು. ಮುಂದಿನ ವರ್ಷ ಉಳಿದ ಬ್ಯಾಚುಗಳೂ ಅದೇ ಸೆಂಟರಿಗೆ ಹೋಗುತ್ತವೆ. ರಿಜೆಕ್ಟ್ ಮಾಡಬಹುದು. ಆದರೆ ‘ಬಹುತೇಕ ಖಾತ್ರಿ’ ಅನ್ನುವುದು ಪುರಾವೆ ಅಲ್ಲ, ವಿಷಯ ಪ್ರಿನ್ಸಿಪಾಲರ ರೂಮಿಗೆ, ಅಪ್ಪ ಅಮ್ಮನ ತನಕ ಹೋಗುತ್ತೆ, ಹುಡುಗರ ಒಂದು ವರ್ಷ ಹೋಗಬಹುದು. ನಾನಾದರೆ ನಾಲ್ವರನ್ನೂ ಕೂರಿಸಿ, ಬಾಗಿಲು ಹಾಕಿ, ಮಷಿನ್ ಬಿಚ್ಚಲು ಹೇಳುತ್ತೇನೆ. ಶಾಫ್ಟಿನ ಸೈಜು ಯಾಕೆ ಇಷ್ಟು ಅಂತ ಕೇಳುತ್ತೇನೆ. ನಿಜ ಅಲ್ಲೇ ಹೊರಬರುತ್ತೆ, ಕೂಗಾಡುವ ಅಗತ್ಯ ಬರುವುದಿಲ್ಲ.

ಆಮೇಲೆ ಆ ಮಷಿನ್ನನ್ನೇ ಅಳತೆಗೋಲು ಮಾಡಿಕೊಳ್ಳಲಿ. ಸ್ಟುವರ್ಟ್ ಪ್ಯೂ ಅವರ ಹೆಸರಿನ ಒಂದು ಸರಳ ಕೋಷ್ಟಕ ನೀವು ಪಾಠ ಮಾಡಿರುತ್ತೀರಿ. ಇರುವ ಒಂದು ಯಂತ್ರವನ್ನು ಆಧಾರವಾಗಿ ಇಟ್ಟುಕೊಂಡು, ಹೊಸ ಕಾನ್ಸೆಪ್ಟುಗಳು ಪ್ರತಿ ಅಂಶದಲ್ಲಿ ಅದಕ್ಕಿಂತ ಮೇಲೋ, ಕೆಳಗೋ, ಸಮವೋ ಅಂತ ಗುರುತು ಹಾಕುವುದು. ಹುಡುಗರು ಗಂಟೆಗೆ ಎಷ್ಟು ಕೆಜಿ ಸುಲಿಯುತ್ತೆ, ಎಷ್ಟು ಕಾಯಿ ಒಡೆಯುತ್ತೆ, ಎಷ್ಟು ಕರೆಂಟ್ ತಿನ್ನುತ್ತೆ ಅಂತ ಅಳೆಯಲಿ. ಹಸಿ ಕಾಯಿ ಹಾಕಿ ನೋಡಲಿ, ಅಲ್ಲೇ ಅದು ಸೋಲುವ ಸಾಧ್ಯತೆ ಜಾಸ್ತಿ. ಸೋತ ಒಂದು ಭಾಗವನ್ನು, ಬರೀ ರೋಲರ್ ಆದರೂ ಸರಿ, ತಾವೇ ಲೆಕ್ಕ ಹಾಕಿ, ತಾವೇ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿ ಕೂರಿಸಲಿ. ಹತ್ತು ವಾರದಲ್ಲಿ ಇದು ಆಗುವ ಕೆಲಸ. ರಿಪೋರ್ಟಿನ ಮೊದಲ ಅಧ್ಯಾಯದಲ್ಲಿ ಯಾವ ಭಾಗ ಕೊಂಡಿದ್ದು, ಎಷ್ಟು ದುಡ್ಡಿಗೆ, ಯಾವ ಭಾಗ ತಮ್ಮದು ಅಂತ ಬಿಲ್ ಸಮೇತ ಬರೆಯಲಿ. ಇಷ್ಟಕ್ಕೂ ಒಪ್ಪದಿದ್ದರೆ ಆಗ ಕಮಿಟಿಗೆ ಬರೆದು ಕೊಡಿ, ಲಾಗ್‌ಬುಕ್‌ನ ಖಾಲಿ ಪುಟಗಳ ಜೆರಾಕ್ಸ್ ಜೊತೆಗಿಟ್ಟು.